ಹೆಣ ತೋರಿಸದ ಸಿನಿಮಾ

ನನ್ನ ಅವ್ವ ನಾಗರತ್ನಾ ಸಿನಿಮಾಗಳನ್ನು ಕೊನೆಯಿಂದ ನೋಡಿದವಳು. ಶಿವಾಜಿನಗರದ ಒಂದು ಟಾಕೀಸಿನಲ್ಲಿ ಅವಳಿಗೆ ಕಸ ಗುಡಿಸುವ ಕೆಲಸ. ಒಂದು ಆಟ ಮುಗಿದು ಇನ್ನೊಂದು ಶುರುವಾಗುವುದರೊಳಗೆ ಸೀಟುಗಳ ಕೆಳಗಿನ ಕಡಲೆಕಾಯಿ ಸಿಪ್ಪೆಯೆಲ್ಲ ಹೋಗಬೇಕು. ಅದಕ್ಕೇ ಸಿನಿಮಾ ಮುಗಿಯುವ ಮೊದಲೇ ಒಳಗೆ ಬಂದು, ಪೊರಕೆ ಹಿಡಿದು ಹಿಂದಿನ ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಅದರ ಆರಂಭವನ್ನು ಮರುದಿನವೋ ಮೂರನೆಯ ದಿನವೋ ಕದ್ದು ನೋಡುವಳು. ಯಾರು ಸಾಯುತ್ತಾರೆಂದು ಮೊದಲೇ ಗೊತ್ತಿದ್ದು ಅವರು ಹಾಡಿ ಕುಣಿಯುವುದನ್ನು ನೋಡಿದರೆ ಹೇಗಿರುತ್ತದೆ ಎಂದು ನಾನು ಎಷ್ಟೋ ಸಲ ಕಣ್ಣು ಮುಚ್ಚಿ ಯೋಚಿಸಿದ್ದೇನೆ.

ಸಂಜೆ ಮರ್ಫಿ ಟೌನಿಗೆ ಮರಳುವಾಗ ನಮ್ಮ ಖೋಲಿಯ ಒಡತಿ ಮುನಿಶಾಮಮ್ಮ ನಲ್ಲಿಯ ಹತ್ತಿರ ಕೂತೇ ಇರುತ್ತಿದ್ದಳು.

"ಏನ್ ನಾಗರತ್ನಾ, ಇವತ್ತು ಯಾರ್ ಸತ್ರು?"

"ಅಣ್ಣ ಸತ್ತ. ತಮ್ಮನ ತೊಡಿ ಮ್ಯಾಲೆ ತಲಿ ಇಟ್ಟು, ತಾಯಿಗೆ ಏನೇನು ಹೇಳಬೇಕೋ ಎಲ್ಲಾ ಹೇಳಿ ಸತ್ತ."

"ಅಯ್ಯೋ ಪಾಪ! ಗುಂಡು ಬಿದ್ದಿತ್ತಾ?"

"ಮೂರು ಬಿದ್ದಿದ್ವು. ನನಗ ಒಂದು ಜ್ವರ ಬಂದ್ರ ಬಾಯಿ ಬಿಡ್ಲಿಕ್ಕ ಆಗಂಗಿಲ್ಲ, ಅವನ ಮಾತು ನೋಡ್ರಿ!"

ಮುನಿಶಾಮಮ್ಮ ಕೊಡ ತುಂಬಿ ಚೆಲ್ಲುವವರೆಗೂ ನಗುತ್ತಿದ್ದಳು.

ಸುರಪುರದ ಕಡೆಯವರಾದ ನಮಗೆ ಹಿಂದಿ ಹೊಸದಲ್ಲ. ಸಂತೆಯಲ್ಲೇ ಕಿವಿಗೆ ಬಿದ್ದ ಭಾಷೆ. ಹಿಂದಿಯ ಸಂಸಾರದ ಸಿನಿಮಾಗಳನ್ನು ಕಂಡರೆ ಅವ್ವನಿಗೆ ಸಿಟ್ಟು. ಆ ಮನೆಗಳ ಮೆಟ್ಟಿಲು ನಮ್ಮ ಬೀದಿಗಿಂತ ಅಗಲ, ಒಬ್ಬೊಬ್ಬರು ಒಂದೊಂದು ಮೆಟ್ಟಿಲು ಹಿಡಿದುಕೊಂಡು ಅಳುತ್ತಾರೆ, ಒಂದು ಸಲ ಕೆಮ್ಮಿದರೆ ಮುಂದಿನ ಹಾಡಿನೊಳಗೆ ಫೋಟೋಕ್ಕೆ ಹಾರ ಬೀಳುತ್ತದೆ ಎನ್ನುವಳು. ಗೂಢಚಾರರ ಸಿನಿಮಾ ಮಾತ್ರ ಅವಳಿಗೆ ಪ್ರಾಣ. ಕೆಂಪು ಟೆಲಿಫೋನು, ಗೋಡೆ ತುಂಬ ನಕ್ಷೆ, ಎತ್ತರದ ಸೇತುವೆಯಿಂದ ಕೆಳಗೆ ಬೀಳುವ ನಾಯಕ. ನೀರಿಗೆ ಬಿದ್ದವನನ್ನು ಎಲ್ಲರೂ ಸತ್ತನೆಂದುಕೊಳ್ಳುತ್ತಾರೆ. ಅವನು ಗಡ್ಡ ಬಿಟ್ಟುಕೊಂಡು ಬಂದೇ ಬರುತ್ತಾನೆ. "ಹೆಣ ತೋರಿಸಿಲ್ಲ ಅಂದ್ರ ಸತ್ತಿಲ್ಲ" ಎಂಬುದು ಅವಳ ತೀರ್ಮಾನ. ಹಾಗೆಂದು ಬೈಯದೆಯೂ ಬಿಡುತ್ತಿರಲಿಲ್ಲ. "ದೇಶ ಉಳಸ್ಲಿಕ್ಕ ಹೋದ, ಛಲೋ ಆತು. ಅವನ ಮನ್ಯಾಗ ನೀರು ಯಾರು ಹಿಡೀತಾರ? ಅದನ್ನ ಒಬ್ಬನೂ ತೋರ್ಸಂಗಿಲ್ಲ."

ನಮ್ಮಪ್ಪ ಲಕ್ಷ್ಮಿಕಾಂತ ಇದೇ ಖೋಲಿಯಲ್ಲಿದ್ದುಕೊಂಡು ಲಾರಿ ಓಡಿಸುತ್ತಿದ್ದ. ತೊಂಬತ್ತೇಳರ ಮಳೆಗಾಲದಲ್ಲಿ, ನಾನಿನ್ನೂ ಚಿಕ್ಕ ಹುಡುಗಿಯಾಗಿದ್ದಾಗ, ಮಹಾರಾಷ್ಟ್ರದ ಒಂದು ಹೊಳೆಯ ಸೇತುವೆ ದಾಟುವಾಗ ಲಾರಿ ಕೊಚ್ಚಿಹೋಯಿತು. ಲಾರಿ ಸಿಕ್ಕಿತು, ಅಪ್ಪ ಸಿಗಲಿಲ್ಲ. ಹುಡುಕಲು ಹೋದವಳು ಅಪ್ಪನ ತಾಯಿ, ನನ್ನ ಆಯಿ, ಜಟ್ಟೆಮ್ಮ. ಮರಳಿ ಬಂದು "ಸಿಗಲಿಲ್ಲ" ಎಂದವಳು ಆ ವಿಷಯವಾಗಿ ಮತ್ತೆ ಬಾಯಿ ಬಿಡಲಿಲ್ಲ. ಆಯಿಯ ಕಥೆಗಳಲ್ಲಿ ರಾಜಕುಮಾರನ ಜೀವ ಏಳು ಕಡಲಿನಾಚೆಯ ಗಿಳಿಯಲ್ಲಿರುತ್ತಿತ್ತು. ಆ ಕಥೆಗಳಿಗೆ ಅವ್ವನ ಸಿನಿಮಾ ಸೇರಿ, ನನ್ನ ತಲೆಯೊಳಗೆ ಅಪ್ಪ ಹೊಳೆಯ ತಳದಲ್ಲಿ ಒಂದು ಜಲಾಂತರ್ಗಾಮಿಯೊಳಗೆ ಕೂತು ಕೆಂಪು ಟೆಲಿಫೋನಿನಲ್ಲಿ ಮಾತಾಡುತ್ತಿದ್ದ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಭಗವಂತರಾಯ ಬಂದ. ನಮ್ಮ ಕಡೆಯವನೇ, ದೊಡ್ಡನೆಕ್ಕುಂದಿಯ ಫ್ಯಾಕ್ಟರಿಯೊಂದರಲ್ಲಿ ಫಿಟ್ಟರ್. ಹೆಂಡತಿ ಬಾಣಂತನದಲ್ಲಿ ತೀರಿಹೋಗಿದ್ದಳು. ಭಾನುವಾರ ಟಾಕೀಸಿಗೆ ಬರುವನು, ಆಮೇಲೆ ಆಯಿಯನ್ನು ಮಾತಾಡಿಸುವ ನೆಪದಲ್ಲಿ ಮನೆಗೆ ಬರುವನು. ಅವನಿಗೆ ಸಂಸಾರದ ಸಿನಿಮಾಗಳೇ ಇಷ್ಟ.

"ಕಡೀಕ ಎಲ್ಲಾರೂ ಕೂಡಿ ಫೋಟೋ ತೆಗಸ್ಕೊಂಡ್ರಲ್ರೀ, ನನಗ ಅಳು ತಡೀಲಿಕ್ಕ ಆಗಲಿಲ್ಲ."

"ನೀವು ಫೋಟೋ ನೋಡಿ ಅತ್ರಿ. ಆ ಹೊತ್ನ್ಯಾಗ ಒಲಿ ಮುಂದ ಯಾರಿದ್ರು ಅಂತ ನೋಡಿದ್ರೇನು?"

"ಇಲ್ರೀ. ಮುಂದಿನ ವಾರ ಮತ್ತ ಹೋಗಿ ನೋಡ್ತೀನಿ."

ಅವ್ವ ನಕ್ಕಳು. ಅವಳ ನಗೆಯ ಸದ್ದನ್ನೇ ನಾನು ಮರೆತಿದ್ದೆ.

ನಮ್ಮಲ್ಲಿ ಗಂಡ ಸತ್ತವಳಿಗೆ ಉಡಕಿ ಮಾಡುತ್ತಾರೆ. ಓಲಗವಿಲ್ಲ, ಅಕ್ಷತೆಯಿಲ್ಲ, ಹೊಸ ಗಂಡ ತಂದ ಸೀರೆಯನ್ನು ಉಡಿಸಿದರೆ ಮದುವೆಯಾದಂತೆ. ಆದರೆ ಅದಕ್ಕೆ ಮೊದಲು ಸತ್ತವನ ಹೆಸರಿನ ಬಳೆ ಒಡೆಯಬೇಕು, ತಾಳಿ ತೆಗೆಯಬೇಕು. ಮಾತು ಎತ್ತಿದವಳು ಆಯಿಯೇ. ಅವ್ವ ಒಪ್ಪಲಿಲ್ಲ.

"ಹೆಣ ತೋರಿಸಿಲ್ಲ ಅತ್ತಿ. ನಾಳೆ ಬಂದು ಬಾಗಿಲದಾಗ ನಿಂತ್ರ ನನ್ನ ಮಾರಿ ಎಲ್ಲಿ ಇಡ್ಲಿ?"

ಭಗವಂತರಾಯ ಕಾದ. ಊರಿನಿಂದ ಅವನ ಅಣ್ಣ ಹೇಳಿ ಕಳಿಸಿದ: ದೀಪಾವಳಿಯೊಳಗೆ ಹೂಂ ಅನ್ನದಿದ್ದರೆ ಬೇರೆ ಹೆಣ್ಣು ನೋಡಿದ್ದೇವೆ. ಆ ವಾರ ಅವ್ವ ಯಾವ ಸಿನಿಮಾದ ಸುದ್ದಿಯನ್ನೂ ತರಲಿಲ್ಲ. ಮುನಿಶಾಮಮ್ಮ ಕೇಳಿದರೂ "ಯಾರೂ ಸತ್ತಿಲ್ರಿ" ಎಂದು ಒಳಗೆ ಹೋದಳು.

ಒಂದು ಬೆಳಿಗ್ಗೆ ಆಯಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಅವ್ವ ಕೆಲಸಕ್ಕೆ ಹೊರಟಿದ್ದಳು.

"ನಾಗಿ, ಕೂಡು. ನಾ ಆವಾಗ ಸುಳ್ಳು ಹೇಳೀನಿ. ಅಂವ ಸಿಕ್ಕಿದ್ದ."

ಅವ್ವ ನಿಂತೇ ಇದ್ದಳು. "ಎಲ್ಲಿ?"

"ಕೆಳಗಿನ ಊರಾಗ, ಜಾಲಿಕಂಟ್ಯಾಗ. ಅಲ್ಲೇ ದಂಡಿ ಮ್ಯಾಲೆ ಮಣ್ಣು ಮಾಡಿದ್ರು. ಮನಿಗೆ ಬಂದ್ರ ನೀ ಕೈತುಂಬ ಬಳಿ ಇಟ್ಕೊಂಡು ಬಾಗಿಲದಾಗ ನಿಂತಿದ್ದಿ. ಹೇಳ್ಲಿಕ್ಕ ಬಾಯಿ ಬರಲಿಲ್ಲ."

ಅವ್ವ ಪರೀಕ್ಷೆ ಮಾಡಲು ನಿಂತವಳಂತೆ ಕೇಳಿದಳು. "ಮುಂಗೈ ಮ್ಯಾಲೆ ಹಚ್ಚಿ ಇತ್ತೇನು? ನನ್ನ ಹೆಸರು?"

"ತೊಗಲೇ ಇರಲಿಲ್ಲ. ಹೆಸರು ಎಲ್ಲಿಂದ ಬರಬೇಕು?"

"ಮಾರಿ?"

"ನೋಡಲಿಲ್ಲ. ನೋಡು ಅಂದ್ರು, ನನಗ ಧೈರ್ಯ ಆಗಲಿಲ್ಲ. ಕಾಲು ನೋಡಿದೆ. ಹೆಬ್ಬೆರಳಿನ ಉಗುರು ಅಡ್ಡ ಬೆಳದಿತ್ತು."

"ಆಮ್ಯಾಲೆ?"

"ಆಮ್ಯಾಲೇನು? ವಾಂತಿ ಆತು. ರಸ್ತಾಕ್ಕ ಬಂದು ಚಾ ಕುಡದೆ. ಎರಡು ಕುಡದೆ."

"ಚಾ ಕುಡದ್ರಿ?"

"ಹಸಿವಿತ್ತು, ನಾಗಿ."

ಅವ್ವ ಅಲ್ಲೇ ಕೂತಳು. ಅವಳ ಬಾಯಿಂದ ಬಂದ ದನಿ ಯಾವ ಸಿನಿಮಾದಲ್ಲೂ ನಾನು ಕೇಳದ್ದು. ಆಮೇಲೆ ಎಷ್ಟೋ ದಿನ ಬಿಟ್ಟು ನನಗೆ ಹೇಳಿದಳು: "ಹಚ್ಚಿ ಇತ್ತು ಅಂದಿದ್ರ ನಾ ನಂಬ್ತಿರಲಿಲ್ಲ. ಸಿನಿಮಾದಾಗ ಹಚ್ಚಿ ಇದ್ದೇ ಇರ್ತದ. ಆದ್ರ ಮಗ ಸತ್ತ ತಾಯಿ ಚಾ ಕುಡದಿದ್ದು ಯಾವ ಸಿನಿಮಾದಾಗೂ ಇಲ್ಲ."

ಬಳೆ ಒಡೆದದ್ದು ಅಂದೇ. ಉಡಕಿ ಆದದ್ದು ದೀಪಾವಳಿಗೆ ಮೊದಲು. ಸೀರೆ ಉಡಿಸಲು ಮುತ್ತೈದೆಯರು ಬರುವಂತಿಲ್ಲ, ವಿಧವೆಯರೇ ಉಡಿಸಬೇಕು. ಆಯಿಯೇ ಸೊಸೆಗೆ ನೆರಿಗೆ ಹಿಡಿದಳು. ಮುನಿಶಾಮಮ್ಮ ತನ್ನ ಬಾಗಿಲ ಹಿಂದೆ ನಿಂತು ನನ್ನ ಕೈಗೆ ಮಲ್ಲಿಗೆ ತುರುಕಿದಳು. "ನಾನ್ ಬರಬಾರ್ದಂತೆ ಕಣೇ ಕಾವೇರಿ. ಹೂವಿಗೇನೂ ಇಲ್ವಲ್ಲ, ತಗೊಂಡ್ಹೋಗು."

ಮರುದಿನ ಟೆಂಪೋದಲ್ಲಿ ಪಾತ್ರೆ, ಹಾಸಿಗೆ ಏರಿದವು. ಆಯಿ ಮಾತ್ರ ಏಳಲಿಲ್ಲ.

"ನೀವೂ ಬರ್ರಿ ಅವ್ವಾರೆ. ನನಗ ತಾಯಿ ಇಲ್ಲ" ಎಂದು ಭಗವಂತರಾಯ ಎರಡೂ ಕೈ ಮುಗಿದ.

"ಹಬ್ಬಕ್ಕ ಬರ್ತೀನಿ ಹೋಗಪ್ಪ. ಇಲ್ಲಿ ನನಗ ರೂಢಿ ಆಗೇದ."

ಅವ್ವ ಟೆಂಪೋ ಹತ್ತಿದ ಮೇಲೆ ನಾನು ಒಳಗೆ ಓಡಿ ಬಂದೆ. ಆಯಿ ಖಾಲಿ ಖೋಲಿಯ ನಡುವೆ ಕೂತಿದ್ದಳು.

"ಆಯಿ, ನೀ ಯಾಕ ಬರವಲ್ಲಿ?"

ಅವಳು ನನ್ನ ಮುಖ ನೋಡಿದಳು. "ಅಂವ ಬಂದ್ರ ಈ ಮನಿಗೇ ಬರ್ತಾನ. ಯಾರರ ಇರಬೇಕಲ್ಲ?"

"ಹಂಗಂದ್ರ ನೀ ನೋಡಿಲ್ಲ?"

"ಹೊಳಿ ದಂಡಿ ಮ್ಯಾಲೆ ನಡದೆ, ನಡದೆ. ಏನೂ ಸಿಗಲಿಲ್ಲ. ಚಾ ಕುಡದದ್ದು ಅಷ್ಟು ಖರೆ. ನಿಮ್ಮವ್ವಗ ಹೇಳಬ್ಯಾಡ. ಆಕಿಗೆ ಇನ್ನೂ ವಯಸ್ಸದ."

"ಖರೇನ ಬಂದ್ರ ಅಪ್ಪಗ ಏನು ಹೇಳ್ತಿ?"

ಆಯಿ ಯೋಚಿಸಿದಳು. ಕಥೆ ಮುಂದೆ ಎಲ್ಲಿಗೆ ಹೋಗುತ್ತದೆಂದು ಆಯಿಗೆ ಗೊತ್ತಿಲ್ಲದ್ದನ್ನು ನಾನು ಮೊದಲ ಸಲ ಕಂಡದ್ದು ಅಂದೇ.

"ಮೊದ್ಲು ಊಟಕ್ಕ ಹಾಕ್ತೀನಿ" ಎಂದಳು. "ಉಣ್ಣೋತನ ಏನೂ ಹೇಳಂಗಿಲ್ಲ."

ಹೊರಗೆ ಟೆಂಪೋ ಹಾರ್ನ್ ಹೊಡೆಯಿತು. ನಾನು ಹೋಗಿ ಅವ್ವನ ಪಕ್ಕ, ಹಾಸಿಗೆಯ ಸುರುಳಿಯ ಮೇಲೆ ಕೂತೆ.

"ಆಯಿ ಏನಂದ್ರು?" ಎಂದು ಅವ್ವ ಕೇಳಿದಳು.

"ಏನಿಲ್ಲವ್ವ. ಕಾಲು ನೋವಂತ."

ದೊಡ್ಡನೆಕ್ಕುಂದಿ ಬರುವವರೆಗೂ ಅವ್ವ ನನ್ನ ಕೈ ಹಿಡಿದುಕೊಂಡಿದ್ದಳು. ನಾನು ಮುಖ ತಿರುಗಿಸಿ ರಸ್ತೆ ನೋಡುತ್ತಿದ್ದೆ.