ಮಧ್ಯಾಹ್ನದ ಓಟ್ಸ್ ಬಿಸ್ಕತ್ತು

ಗಂಡನ ಪಾದಗಳನ್ನು ಹಿಡಿದು ಕೂತಿದ್ದ ಅಂಜಿನಮ್ಮನ ಕೈಗಳನ್ನು ಬಿಡಿಸಲು ಇಬ್ಬರು ಹೆಂಗಸರು ಬೇಕಾದರು. ಒಬ್ಬಳು ಪಕ್ಕದ ಮನೆಯ ಲಕ್ಷ್ಮಮ್ಮ, ಇನ್ನೊಬ್ಬಳು ಸೊಸೆ ಆಶಾರಾಣಿ.

"ಬಿಡಿ ಅತ್ತೆ, ಒಳಗೆ ಬನ್ನಿ. ನಿಮ್ಮ ಹಾರ್ಟಿಗೆ ಇದೆಲ್ಲ ಆಗಲ್ಲ."

"ಇನ್ನೊಂದು ಗಳಿಗೆ ಕಣೇ."

"ಇನ್ನೊಂದು ಗಳಿಗೆ, ಇನ್ನೊಂದು ಗಳಿಗೆ ಅಂತ ಬೆಳಗ್ಗಿಂದ ಕೂತಿದೀರಿ."

ಮಗ ಶಶಿಕುಮಾರ ಶಾಮಿಯಾನದ ಕಂಬಕ್ಕೆ ಒರಗಿ ನಿಂತಿದ್ದ. "ಆಶಾ, ಅಮ್ಮನ್ನ ರೂಮಲ್ಲಿ ಕೂರ್ಸು. ಮಾತ್ರೆ ಕೊಡು. ಇಬ್ಬರನ್ನೂ ಒಟ್ಟಿಗೆ ಕಳ್ಕೊಳೋ ಶಕ್ತಿ ನಂಗಿಲ್ಲ" ಎಂದ.

ಮುಂದಿನ ಕೋಣೆಯ ಮಂಚದ ಮೇಲೆ ಅವಳನ್ನು ಕೂರಿಸಿದರು. ಕಿಟಕಿಯಿಂದ ನೋಡಿದರೆ ಗಂಡ ಹನುಮಂತರಾಯಪ್ಪನ ಮುಖ ಕಾಣುತ್ತಿರಲಿಲ್ಲ. ಜನರ ಕಾಲುಗಳ ನಡುವೆ, ಬಿಳಿ ಬಟ್ಟೆಯ ಚೂರಿನಿಂದ ಕಟ್ಟಿದ್ದ ಕಾಲಿನ ಎರಡು ಹೆಬ್ಬೆರಳು ಮಾತ್ರ ಕಾಣುತ್ತಿದ್ದವು. ನಿನ್ನೆ ಬೆಳಿಗ್ಗೆ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದವನು ಅಲ್ಲೇ ಕುಸಿದಿದ್ದ. ತಲೆಯೊಳಗೆ ರಕ್ತ ಒಸರಿದೆ ಎಂದರು ಆಸ್ಪತ್ರೆಯವರು. ಸಂಜೆಯ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು.

"ಎದೆ ಕಾಯಿಲೆ ಅವಳಿಗೆ. ಹೋಗಿದ್ದು ನೋಡು, ಗುಂಡುಕಲ್ಲಿನಂಗಿದ್ದ ಮನುಸ" ಎಂದು ಹೊರಗೆ ಯಾರೋ ಹೇಳಿದ್ದು ಅಂಜಿನಮ್ಮನ ಕಿವಿಗೆ ಬಿತ್ತು. ಅವಳು ಆಶಾರಾಣಿ ಕೊಟ್ಟ ಮಾತ್ರೆಯನ್ನು ನುಂಗಿದಳು.

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಲಕ್ಷ್ಮಮ್ಮ ತನ್ನ ಮನೆಯಿಂದ ಟೀ ಮಾಡಿ ತಂದಳು. ದೂರದಿಂದ ಹೊಟ್ಟೆ ಹಸಿದು ಬಂದವರಿಗೆ ಬರೀ ಟೀ ಹೇಗೆ ಕೊಡುವುದೆಂದು, ಅಡುಗೆಮನೆಯ ಕಟ್ಟೆಯ ಮೇಲಿದ್ದ ಸ್ಟೀಲ್ ಡಬ್ಬದಿಂದ ಬಿಸ್ಕತ್ತುಗಳನ್ನು ತಟ್ಟೆಗೆ ಸುರಿದುಕೊಂಡು ಹೋದಳು. ಅಂಜಿನಮ್ಮ "ಬೇಡ" ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ತಟ್ಟೆ ಬಾಗಿಲು ದಾಟಿತ್ತು.

ಕಿಟಕಿಯ ಹೊರಗೆ ಕೂತಿದ್ದ ರೇವಣಸಿದ್ದ ಒಂದನ್ನು ಬಾಯಿಗಿಟ್ಟ. ಕಲಬುರಗಿ ಕಡೆಯಿಂದ ಬಂದು ಫ್ಯಾಕ್ಟರಿಯಲ್ಲಿ ದುಡಿದು ಈ ಹೆಬ್ಬಗೋಡಿಯಲ್ಲೇ ನೆಲೆಸಿದವನು. ಅಗಿಯುತ್ತಾ ಅಗಿಯುತ್ತಾ ಅವನ ಮುಖ ಸಣ್ಣದಾಯಿತು.

"ಏನ್ರೀ ಇದು? ಸಿಹಿ ಇಲ್ಲ, ಬೆಣ್ಣಿ ಇಲ್ಲ."

"ಓಟ್ಸ್ ಬಿಸ್ಕತ್ತು ಸಾರ್" ಎಂದ ಶಶಿಕುಮಾರ. "ಅಮ್ಮಂಗೆ ಅಂತ ಅಪ್ಪ ಮಾಡ್ತಿದ್ದಿದ್ದು."

"ಹನುಮಣ್ಣನ ಕೈಯಾಂದಾ?" ರೇವಣಸಿದ್ದ ಉಳಿದ ಅರ್ಧವನ್ನು ಬೆರಳುಗಳ ನಡುವೆ ಹಿಡಿದು ನೋಡಿದ. "ಆ ಕೈಲೆ ಬೆಣ್ಣಿ ಬಿಸ್ಕೀಟು ಮಾಡಿದ್ರ ನಾಲಿಗಿ ಮ್ಯಾಲ ಕರಗಿ ಹೋಗ್ತಿತ್ರೀ. ಅಂಥಾ ಕೈ ಇದನ್ನ ಮಾಡ್ಕೋಂತ ಮನ್ಯಾಗ ಕುಂತಿತ್ತಲ್ರೀ, ಪಾಪ."

"ಏನ್ಮಾಡೋದು ಸಾರ್. ಎಷ್ಟು ಸಲ ಕರೆದೆ, ಬಾರಪ್ಪ, ಬೇಕರೀಲಿ ಸುಮ್ನೆ ಬಂದು ಕೂತ್ಕೋ ಅಂತ. ಅಪ್ಪನ ಜೀವ ಪೂರ್ತಿ ಆ ಭಟ್ಟಿಲೇ ಇತ್ತು. ಅಮ್ಮಂಗೋಸ್ಕರ ಎಲ್ಲ ಬಿಟ್ಕೊಟ್ರು."

ಮಗನ ಮಾತಿನಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಅಂಜಿನಮ್ಮ ಕಿಟಕಿಗೆ ಬೆನ್ನು ತಿರುಗಿಸಿ ಕೂತಳು.

*

ಹೆಬ್ಬಗೋಡಿಯ ಸುತ್ತ ಮೊದಮೊದಲು ಫ್ಯಾಕ್ಟರಿಗಳು ಬಂದ ಕಾಲದಲ್ಲಿ ಹನುಮಂತರಾಯಪ್ಪ ಗೇಟಿನ ಎದುರಿಗೇ ಬೇಕರಿ ಇಟ್ಟಿದ್ದ. ಮೊದಲ ಶಿಫ್ಟಿನವರಿಗೆ ಕೋಳಿ ಕೂಗುವ ಹೊತ್ತಿಗೇ ಬಿಸಿ ಬನ್ನು ಬೇಕು. ಹೆಂಡತಿ ಏಳುವ ಮುಂಚೆ ಅವನು ಮನೆ ಬಿಟ್ಟಿರುತ್ತಿದ್ದ. ಊಟಕ್ಕೆ ಬಂದರೆ ಕೈ ತೊಳೆದವನು ಅಲ್ಲೇ ಚಾಪೆಯ ಮೇಲೆ ಹೆಣದಂತೆ ನಿದ್ದೆ ಹೋಗುತ್ತಿದ್ದ, ಮತ್ತೆ ಸಂಜೆಯ ಭಟ್ಟಿಗೆ ಎದ್ದು ಓಡುತ್ತಿದ್ದ. ಹೀಗೆ ಕಳೆದ ಅಷ್ಟೂ ವರ್ಷಗಳಲ್ಲಿ ಅಂಜಿನಮ್ಮನಿಗೆ ಅವನ ಬೆನ್ನಿನ ಪರಿಚಯವಾದಷ್ಟು ಮುಖದ ಪರಿಚಯವಾಗಲಿಲ್ಲ. ಡಾಲ್ಡಾ, ವೆನಿಲಾ, ಕಟ್ಟಿಗೆ ಹೊಗೆ ಬೆರೆತ ವಾಸನೆ ಬಂದರೆ ಮಗು ಶಶಿ ತೊಟ್ಟಿಲಲ್ಲೇ ಕಾಲು ಬಡಿಯುತ್ತಿದ್ದ. ಒಂದೊಂದು ಮಧ್ಯಾಹ್ನ ಅವಳು ಕೈತಪ್ಪಿ ಎರಡು ಲೋಟಕ್ಕೆ ಕಾಫಿ ಬಗ್ಗಿಸಿ, ಚಾಪೆಯ ಕಡೆ ನೋಡಿ, ಒಂದನ್ನು ಮತ್ತೆ ಪಾತ್ರೆಗೆ ಸುರಿಯುತ್ತಿದ್ದಳು.

ಅವನು ಕೆಟ್ಟವನಲ್ಲ. ಕುಡಿಯಲಿಲ್ಲ, ಕೈ ಎತ್ತಲಿಲ್ಲ. ಮನೆಯಲ್ಲಿ ಇರಲಿಲ್ಲ, ಅಷ್ಟೇ. ಅದನ್ನು ಯಾರಲ್ಲಿ ದೂರಬೇಕೆಂದೇ ಅವಳಿಗೆ ತಿಳಿದಿರಲಿಲ್ಲ.

ಮೂರು ವರ್ಷದ ಹಿಂದೆ, ಹೂವು ಕಟ್ಟುತ್ತಾ ಕೂತಿದ್ದಾಗ, ಎದೆಯ ಮೇಲೆ ಯಾರೋ ರುಬ್ಬುವ ಕಲ್ಲು ಇಟ್ಟಂತಾಯಿತು. ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಬೆಣ್ಣೆ, ಡಾಲ್ಡಾ, ಮೈದಾ, ಸಕ್ಕರೆ ದೂರವಿಡಬೇಕು, ಕೆಲವು ಕಾಲ ಇವರನ್ನು ಒಂಟಿಯಾಗಿ ಬಿಡಬಾರದು ಎಂದು ಡಾಕ್ಟರು ಹೇಳಿದರು. ತಾನು ಜೀವಮಾನವಿಡೀ ಕಲಸಿದ ಪದಾರ್ಥಗಳ ಹೆಸರುಗಳನ್ನು ಒಂದೊಂದಾಗಿ ಕೇಳುತ್ತಾ ಹನುಮಂತರಾಯಪ್ಪ ತಲೆ ತಗ್ಗಿಸಿ ನಿಂತಿದ್ದ. ಮರುದಿನವೇ ಬೇಕರಿಯ ಬೀಗದಕೈ ಮಗನ ಕೈಗೆ ಹೋಯಿತು.

ಓಟ್ಸ್ ಗಂಜಿ ಅವಳ ಗಂಟಲಲ್ಲಿ ಇಳಿಯಲಿಲ್ಲ.

"ಇದು ಗ್ವಾಡೆಗೆ ಪೋಸ್ಟರ್ ಅಂಟಿಸೋ ಅಂಟು ಕಣ್ರೀ."

"ಅಂಟಿದ್ರೆ ಬಿಸ್ಕತ್ತಾಯ್ತದೆ ಬಿಡು" ಎಂದ ಅವನು. ಸಂಜೆಯೇ ಹೋಗಿ ಗಾಜಿನ ಬಾಗಿಲಿನ ಪುಟ್ಟದೊಂದು ಕರೆಂಟ್ ಓವನ್ ಹೊತ್ತು ತಂದ.

ಮೊದಲ ಸಲದ್ದು ಕಲ್ಲಾಗಿತ್ತು. "ಇದನ್ನ ತಿಂದ್ರೆ ಹಾರ್ಟ್ ಉಳೀತದೆ, ಹಲ್ಲು ಓಯ್ತದೆ" ಎಂದು ಅವಳು ನಕ್ಕಾಗ ಅವನಿಗೆ ನಿಜಕ್ಕೂ ಅವಮಾನವಾಗಿತ್ತು. ಎರಡನೆಯದು ಮುಟ್ಟಿದರೆ ಪುಡಿಪುಡಿ. ಬೆಣ್ಣೆಯಿಲ್ಲದೆ ಹಿಟ್ಟು ಒಂದಕ್ಕೊಂದು ಹಿಡಿಯುವುದೇ ಇಲ್ಲವೆಂದು ಅವನು ಅನ್ನ ಬಿಟ್ಟವನಂತೆ ಓಡಾಡಿದ. ಕೊನೆಗೆ ಓಟ್ಸನ್ನು ಬಾಣಲೆಯಲ್ಲಿ ಘಂ ಎನ್ನುವಂತೆ ಹುರಿದು, ಅರ್ಧ ತರಿ ಮಾಡಿ, ಕಳಿತ ಏಲಕ್ಕಿಬಾಳೆ ಕಿವುಚಿ, ನೆನೆಸಿದ ಖರ್ಜೂರ ರುಬ್ಬಿ ಹಾಕಿ, ಮೇಲೊಂದು ಚಮಚ ಕಡಲೆಕಾಯಿ ಎಣ್ಣೆ ಬಿಟ್ಟ. ಅವನು ಉಂಡೆ ಕಟ್ಟಿಕೊಟ್ಟರೆ ಅವಳು ಅಂಗೈಯಲ್ಲಿ ತಟ್ಟುವುದು. ಆಮೇಲೆ ಇಬ್ಬರೂ ಓವನ್ನಿನ ಎದುರು ಎರಡು ಮಣೆ ಹಾಕಿಕೊಂಡು, ಟೀವಿ ನೋಡುವವರಂತೆ ಗಾಜಿನ ಆಚೆಗಿನ ಕೆಂಪು ಬೆಳಕು ನೋಡುತ್ತಾ ಕೂರುವುದು.

ಆ ಹೊತ್ತಿನಲ್ಲಿ ಮಾತು ಬಂತು. ಭಟ್ಟಿ ಹಚ್ಚಿದ ಮೊದಲ ದಿನ ತಾನು ಹೆದರಿದ್ದನ್ನು ಅವನು ಹೇಳಿದ. ಶಶಿಗಿಂತ ಮುಂಚೆ ಹುಟ್ಟಿ ಉಸಿರಾಡದೆ ಹೋದ ಹೆಣ್ಣುಮಗುವಿಗೆ ತಾನು ಮನಸ್ಸಿನಲ್ಲೇ ಇಟ್ಟಿದ್ದ ಹೆಸರನ್ನು ಅವಳು ಹೇಳಿದ್ದೂ ಅಲ್ಲೇ. ಅವನು ಆ ಹೆಸರನ್ನು ಒಂದು ಸಲ ಮೆಲ್ಲಗೆ ಹೇಳಿಕೊಂಡ. ಆವತ್ತಿನ ಬಿಸ್ಕತ್ತು ಪೂರ್ತಿ ಸೀದುಹೋಯಿತು.

"ನಂಗೀಗ ಚೆನ್ನಾಗಾಗೈತೆ. ನೀವು ಬೇಕರಿಗೋಗಿ" ಎಂದು ಅವಳು ಆಗಾಗ ಹೇಳುತ್ತಿದ್ದಳು.

"ಡಾಕ್ಟ್ರು ಒಪ್ಪಬೇಕಲ್ಲ ಅಂಜಿನಿ. ಅವರು ಊಂ ಅಂದ ದಿನ ಓಗ್ತೀನಿ."

ಹಾಗೆಂದಾಗಲೆಲ್ಲ ಅವಳಿಗೆ ಒಳಗೊಳಗೇ ಸಂತೋಷವಾಗುತ್ತಿತ್ತು. ಗಂಡಸೊಬ್ಬನ ರೆಕ್ಕೆ ಕಟ್ಟಿ ಕೂರಿಸಿಕೊಂಡು ಸಂತೋಷಪಡುತ್ತಿದ್ದೇನಲ್ಲ ಎಂದು ಬೆನ್ನಿಗೇ ನಾಚಿಕೆಯಾಗುತ್ತಿತ್ತು.

*

ಹೊರಗೆ ತಮಟೆ ಶುರುವಾಯಿತು. ಚಟ್ಟ ಸಿದ್ಧವಾಗಿತ್ತು. ಅಂಜಿನಮ್ಮ ಸೆರಗು ಬಿಗಿದುಕೊಂಡು ಎದ್ದು ಬಾಗಿಲಿಗೆ ಬಂದಳು. ಸತ್ತವನ ತಮ್ಮ ಮುನಿಯಣ್ಣ ಅಡ್ಡ ನಿಂತ.

"ಎಲ್ಲಿಗತ್ತಿಗೆ?"

"ಮಣ್ಣಿಗೆ. ನಾನೂ ಬತ್ತೀನಿ."

"ಅಂಗೆಲ್ಲ ಆಗಾಕಿಲ್ಲ. ಅಷ್ಟು ದೂರ, ಈ ಬಿಸ್ಲು. ಅಲ್ಲಿ ನೀವು ಬಿದ್ರೆ ಯಾರನ್ನ ನೋಡ್ಕಳಾನ ನಾವು?"

"ಅಮ್ಮಾ, ದಮ್ಮಯ್ಯ ಅಂತೀನಿ" ಎಂದ ಶಶಿಕುಮಾರ. "ಇಲ್ಲೇ ಕೈ ಮುಗಿದ್ಬಿಡು."

ಅಂಜಿನಮ್ಮ ಮಗನ ಮುಖ ನೋಡಿದಳು. ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ನೆಲಕ್ಕೆ ಕುಸಿದಳು. "ನೋಡಿದ್ರಾ, ನೋಡಿದ್ರಾ" ಎಂದು ಹೆಂಗಸರು ಮುತ್ತಿದರು. ಆಶಾರಾಣಿ ನೀರಿಗೆ ಓಡಿದಳು.

ಆಗ ಜನರನ್ನು ಸರಿಸಿಕೊಂಡು ಕಾವ್ಯಾ ಬಂದಳು. ದಾವಣಗೆರೆಯ ಹುಡುಗಿ, ಮಹಡಿಯ ಮನೆಯ ಬಾಡಿಗೆಯವಳು, ಅಂಜಿನಮ್ಮನಿಗೆ ಸ್ಟೆಂಟ್ ಹಾಕಿದ ಆಸ್ಪತ್ರೆಯಲ್ಲೇ ನರ್ಸು. ಡ್ಯೂಟಿ ಮುಗಿಸಿ ನೇರ ಬಂದಿದ್ದಳು, ಸಮವಸ್ತ್ರವನ್ನೂ ಬಿಚ್ಚಿರಲಿಲ್ಲ. ಅಂಜಿನಮ್ಮನ ನಾಡಿ ಹಿಡಿದು ನೋಡಿದಳು.

"ಆಂಟಿ, ಎದೆ ನೋಯ್ತಿದೆಯಾ?"

"ಇಲ್ಲ ಕಣಮ್ಮ. ಕಾಲು ಸೋತೋಯ್ತು."

"ನಿಮಗೆ ಹೋಗ್ಬೇಕಾ?"

"ಊಂ."

"ಹಂಗಾದ್ರೆ ಹೋಗಿ. ನಾನೂ ಪಕ್ಕದಲ್ಲೇ ಬರ್ತೀನಿ."

"ಏನಮ್ಮ ನೀನು, ನರ್ಸಾಗಿ ಇಂಗಂತೀಯ?" ಮುನಿಯಣ್ಣ ರೇಗಿದ.

ಕಾವ್ಯಾ ಎದ್ದು ನಿಂತಳು. ಒಮ್ಮೆ ಶಾಮಿಯಾನದ ಕಡೆ, ಮಲಗಿದ್ದವನ ಕಡೆ ನೋಡಿದಳು, ಅಪ್ಪಣೆ ಕೇಳುವವಳಂತೆ.

"ಆಂಟಿ ಹಾರ್ಟು ಚೆನ್ನಾಗಿದೆ ಅಂಕಲ್. ಹೋದ ವರ್ಷ ಸ್ಕ್ಯಾನ್ ಮಾಡ್ಸಿದ್ವಲ್ಲ, ರಿಪೋರ್ಟ್ ತರಕ್ಕೆ ನಾನೂ ಹನುಮಂತಣ್ಣಾನೂ ಹೋಗಿದ್ವಿ. ಮಾತ್ರೆ ತಗೊಳ್ತಿದ್ರೆ ಸಾಕು, ನಡೀಬಹುದು, ಮೆಟ್ಟಿಲು ಹತ್ತಬಹುದು, ಊರಿಗೆ ಹೋಗಬಹುದು, ಪಕ್ಕದಲ್ಲಿ ಯಾರೂ ಕಾಯೋದು ಬೇಡ ಅಂದ್ರು ಡಾಕ್ಟ್ರು. ನೀವಿನ್ನು ಆರಾಮಾಗಿ ಬೇಕರಿಗೆ ಹೋಗಿ ಅಂತ್ಲೂ ಅಣ್ಣಂಗೆ ಹೇಳಿದ್ರು."

ಮುನಿಯಣ್ಣ ಬಾಗಿಲಿನಿಂದ ಒಂದು ಹೆಜ್ಜೆ ಸರಿದ.

"ಮತ್ತೆ ಅಪ್ಪ ಯಾಕೆ..." ಶಶಿಕುಮಾರ ಮುಂದೆ ಬಂದ.

"ಹೇಳಬೇಡಿ ಅಂದ್ರು." ಕಾವ್ಯಾ ಈಗ ಅಂಜಿನಮ್ಮನ ಎದುರು ಮಂಡಿಯೂರಿದಳು. "ಬರ್ತಾ ಆಟೋದಲ್ಲಿ ನನ್ನ ಕೈಲಿ ಆಣೆ ಹಾಕಿಸ್ಕೊಂಡ್ರು ಆಂಟಿ. 'ಹುಷಾರಾಗೈತೆ ಅಂತ ಗೊತ್ತಾದ್ರೆ ಅವಳು ನಾಳೇನೇ ನನ್ನ ಬೇಕರಿಗಟ್ತಾಳೆ ಕಣಮ್ಮ. ಅಷ್ಟು ವರ್ಷ ಭಟ್ಟಿ ಮುಂದೆ ಬೆಂದಿದೀನಿ. ಮನೇಲಿ ಮಧ್ಯಾಹ್ನ ಎಂಗಿರ್ತದೆ ಅಂತ ಈಗ ಗೊತ್ತಾಗ್ತೈತೆ. ಇನ್ನೊಂದಷ್ಟು ದಿನ ಅವಳ ಜತೆ ಕೂತ್ಕತೀನಿ' ಅಂದ್ರು. ನಾನು ಬಿಡ್ಲಿಲ್ಲ, ಕೇಳ್ತಾನೇ ಇದ್ದೆ. ಉಗಾದಿ ಆಗ್ಲಿ ಹೇಳ್ತೀನಿ ಅಂದ್ರು. ಆಮೇಲೆ ಗೌರಿ ಹಬ್ಬ ಆಗ್ಲಿ ಅಂದ್ರು."

ಅಂಜಿನಮ್ಮ ಅವಳನ್ನೇ ನೋಡುತ್ತಿದ್ದಳು. ಅವಳ ಬಾಯಿಂದ ಬಂದದ್ದು ಯಾರೂ ನಿರೀಕ್ಷಿಸದ ಮಾತು.

"ಉಗಾದೀಲಿ ಒಬ್ಬಟ್ಟಿಗೆ ಒಂದು ತೊಟ್ಟು ತುಪ್ಪ ಹಾಕ್ಲಿಲ್ಲ ಕಣಮ್ಮ ನಂಗೆ! ಕೈ ಚಾಚಿದ್ರೆ, ಎದೆ ಕಾಯಿಲೆಯೋಳು ಅಂತ ಗದರಿದ್ರು!"

ಒಬ್ಬಿಬ್ಬರಿಗೆ ನಗು ಬಂತು, ನಾಚಿ ತಲೆ ತಗ್ಗಿಸಿದರು. ಅಂಜಿನಮ್ಮ ಯಾರ ಕೈಯನ್ನೂ ಹಿಡಿಯದೆ ಎದ್ದಳು. ಮುನಿಯಣ್ಣನನ್ನು ದಾಟಿ, ಮಗನನ್ನು ದಾಟಿ ಚಟ್ಟದ ಬಳಿ ಹೋದಳು. ಬೆಳಗಿನಿಂದ ಕಾಲು ಹಿಡಿದು ಕೂತಿದ್ದವಳು ಈಗ ತಲೆಯ ಕಡೆಗೆ ಹೋಗಿ, ಬಗ್ಗಿ, ಅವನ ಮುಖವನ್ನು ಎರಡು ಅಂಗೈಯಲ್ಲೂ ಹಿಡಿದಳು.

"ಕಳ್ಳ" ಎಂದಳು. "ನನ್ನತ್ರ ಒಂದು ಮಾತು ಏಳಿದ್ರೆ ನಾನೇನು ಕಳಿಸ್ಬಿಡ್ತಿದ್ನಾ? ಕಳ್ಳ."

ಆಗ ಅಳು ಬಂತು. ಅಳಬೇಡವೆಂದು ಯಾರೂ ಹೇಳಲಿಲ್ಲ.

*

ಕೆರೆಯಂಚಿನಲ್ಲಿ, ಪಿಜಿ ಕಟ್ಟಡಗಳ ನಡುವೆ, ಮನೆತನದವರು ಹೂಳುವುದಕ್ಕೆಂದೇ ಉಳಿಸಿಕೊಂಡಿದ್ದ ತುಂಡು ನೆಲವಿತ್ತು. ಪುರಿ ಎರಚುತ್ತಾ, ಗಲ್ಲಿಗಳನ್ನು ಬಳಸಿಕೊಂಡು ಮೆರವಣಿಗೆ ಹೊರಟಿತು. ಅಂಜಿನಮ್ಮ ಚಟ್ಟದ ಹಿಂದೆಯೇ ನಡೆದಳು, ಪಕ್ಕದಲ್ಲಿ ಕಾವ್ಯಾ. ಫ್ಯಾಕ್ಟರಿ ಬಸ್ಸೊಂದು ನಿಂತು ದಾರಿ ಬಿಟ್ಟಿತು.

ಬೇಕರಿಯ ಎದುರಿಗೆ ಬಂದಾಗ ಶಶಿಕುಮಾರ ಕೈ ಎತ್ತಿದ. ಷಟರ್ ಎಳೆದಿತ್ತು. ಅದಕ್ಕೆ ದೊಡ್ಡದೊಂದು ಸೇವಂತಿಗೆ ಹಾರ ಹಾಕಿತ್ತು. ಕೆಲಸದವರು ಕೈಕಟ್ಟಿ ಸಾಲಾಗಿ ನಿಂತಿದ್ದರು.

"ಇಲ್ಲಿ ಸ್ವಲ್ಪ ಹೊತ್ತು ಇಳಿಸೋಣ ಚಿಕ್ಕಪ್ಪ. ಅಪ್ಪ ಕೊನೇ ಸಲ ನೋಡ್ಲಿ" ಎಂದ. ಹೊತ್ತವರು ಹೆಗಲು ತಗ್ಗಿಸಿದರು.

"ಬೇಡ ಕಣಪ್ಪ" ಎಂದಳು ಅಂಜಿನಮ್ಮ.

"ಅಮ್ಮಾ, ಅವರು ಕಟ್ಟಿದ್ದಲ್ವಾ ಇದು."

"ಊಂ. ನೋಡಿದ್ದು ಸಾಕು ಅಂತ ತಾನೆ ಅವರು ಮನೆಗೆ ಬಂದಿದ್ದು." ಮಗನ ತೋಳಿನ ಮೇಲೆ ಕೈಯಿಟ್ಟಳು. "ನಡೀರಪ್ಪ. ನಿಲ್ಲಿಸ್ಬೇಡಿ."

ಶಶಿಕುಮಾರ ಬೇಕರಿಯ ಮೆಟ್ಟಿಲು ಹತ್ತಿದ. ಷಟರಿನ ಮೇಲಿದ್ದ ಹಾರವನ್ನು ತಾನೇ ಬಿಚ್ಚಿ ತಂದು ಅಪ್ಪನ ಎದೆಯ ಮೇಲೆ ಹಾಸಿದ. ಹೆಗಲುಗಳು ಮೇಲೆದ್ದವು.

ಮಣ್ಣಿನ ಕೆಲಸ ಬೇಗ ಮುಗಿಯಿತು. ಮಗ ಹಾಕಿದ, ತಮ್ಮ ಹಾಕಿದ. ಬೊಗಸೆಯಲ್ಲಿ ಮಣ್ಣು ಹಿಡಿದ ಅಂಜಿನಮ್ಮ ಅದರಲ್ಲಿದ್ದ ಒಂದು ಚೂಪು ಕಲ್ಲನ್ನು ಆರಿಸಿ ಎಸೆದು, ಉಳಿದದ್ದನ್ನು ಬೆರಳುಗಳ ಸಂದಿಯಿಂದ ನಿಧಾನವಾಗಿ ಉದುರಿಸಿದಳು. ಗುದ್ದಲಿಯವರು ಮುಂದೆ ಬಂದರು. ಗುಡ್ಡೆಯ ಮೇಲೆ ನೀರು ಹೊಯ್ದು ಊದುಬತ್ತಿ ಚುಚ್ಚಿದರು.

"ಇನ್ನು ಎಲ್ಲ ಒಂದೇ ಸಮನೆ ಮನೆ ಕಡೆ ನಡೀರಿ. ಯಾರೂ ಇಂದಕ್ಕೆ ತಿರುಗಿ ನೋಡಬ್ಯಾಡಿ" ಎಂದು ಮುನಿಯಣ್ಣ ಕೂಗಿ ಹೇಳಿದ.

ಕೆರೆಯಿಂದ ರಸ್ತೆಗೆ ಏರು. ಬಿಸಿಲಿಗೆ ಗಂಡಸರು ಏದುಸಿರು ಬಿಡುತ್ತಾ ಹತ್ತುತ್ತಿದ್ದರು. ಅಂಜಿನಮ್ಮ ಎಲ್ಲಿಯೂ ನಿಲ್ಲದೆ ಹತ್ತಿದಳು. ಏರು ಮುಗಿದಲ್ಲಿ ನಿಂತಳು.

"ಅತ್ತಿಗೆ, ತಿರುಗಬ್ಯಾಡಿ" ಎಂದ ಮುನಿಯಣ್ಣ ಕೆಳಗಿನಿಂದ.

ಅವಳು ಪೂರ್ತಿಯಾಗಿ ತಿರುಗಿ ನಿಂತಳು. ಪಿಜಿಗಳ ಮಹಡಿಗಳಲ್ಲಿ ಸಾಲುಸಾಲು ಷರ್ಟು, ಜೀನ್ಸು ಒಣಗುತ್ತಿದ್ದವು. ಅವುಗಳ ನೆರಳು ಕೆಳಗೆ, ಇನ್ನೂ ಒದ್ದೆಯಾಗಿದ್ದ ಕೆಂಪು ಮಣ್ಣಿನ ಮೇಲೆ ಆಡುತ್ತಿತ್ತು. ಜನ ಒಬ್ಬೊಬ್ಬರಾಗಿ ಅವಳನ್ನು ದಾಟಿ ಮನೆಯ ಕಡೆ ಹೋದರು. ಅವಳು ಸೆರಗನ್ನು ಹಣೆಗೆ ಅಡ್ಡ ಹಿಡಿದು, ನೋಡುತ್ತಾ ನಿಂತೇ ಇದ್ದಳು.