ಪಿಕಪ್ ಮೇಲಿನ ಮನೆ, ಜೀಪಿನ ಹಿಂದಿನ ಮನೆ

ಅಮೃತೇಶನಿಗೂ ಅವನ ಬಾಮೈದ ನಂಜೇಶನಿಗೂ ಆರು ತಿಂಗಳಿಂದ ಒಂದೇ ಜಗಳ. ನಂಜನಗೂಡಿನಲ್ಲಿ ಪೈಪಿನ ಅಂಗಡಿ ಇಟ್ಟಿದ್ದ ಅಮೃತೇಶ ತನ್ನ ಪಿಕಪ್ ಗಾಡಿಯ ಮೇಲೆ ಹಾಸಿಗೆ, ಒಲೆ, ಸಿಂಕ್ ಎಲ್ಲ ಇರುವ ತಗಡಿನ ಕೋಣೆ ಕೂರಿಸಿದ್ದ. ನಂಜೇಶ ಅಂಥದ್ದೇ ಕೋಣೆಯನ್ನು ಎರಡು ಚಕ್ರದ ಟ್ರೇಲರ್ ಮೇಲೆ ಕಟ್ಟಿಸಿ ಜೀಪಿನ ಹಿಂದೆ ಎಳೆಯುತ್ತಿದ್ದ. ಊರೂರು ಸುತ್ತುವುದಕ್ಕೆ ಯಾವುದು ವಾಸಿ? ಊಟಕ್ಕೆ ಕೂತರೂ ಅದೇ ಮಾತು. ಒಬ್ಬ ಗಂಡ, ಇನ್ನೊಬ್ಬ ತಮ್ಮ. ಕೇಳಿ ಕೇಳಿ ಮಂಗಳಗೌರಿಗೆ ತಲೆ ಚಿಟ್ಟು ಹಿಡಿದಿತ್ತು.

"ಎರಡನ್ನೂ ತಗೊಂಡು ಸೋಸಲೆ ಹೊಳೆ ದಡಕ್ಕೆ ಹೋಗೋಣ. ಅಲ್ಲೇ ನೋಡಿ ಮುಗಿಸಿಬಿಡಿ," ಅಂದಳು.

ಸೋಸಲೆಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಪಿಕಪ್ ಸರಕ್ಕನೆ ಪಕ್ಕಕ್ಕೆ ಸರಿಯಿತು. ನಂಜೇಶ ರಿವರ್ಸ್ ತೆಗೆದ. ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೇಲರ್ ಎಡಕ್ಕೆ ಹೊರಳಿತು, ಕೊನೆಗೆ ರಸ್ತೆಗೇ ಅಡ್ಡ ನಿಂತಿತು. ಬಸ್ಸಿನ ಡ್ರೈವರ್ ಹಾರ್ನ್ ಮೇಲಿಟ್ಟ ಕೈ ತೆಗೆಯಲೇ ಇಲ್ಲ.

"ನಾನು ಹೇಳ್ಲಿಲ್ವಾ?" ಅಮೃತೇಶ ಗಾಡಿಯಿಂದ ಇಳಿಯದೆ ಕೂಗಿದ.

"ಹೇಳಿದ್ದು ಸಾಕು ಭಾವ, ಇಳಿದು ಕೈ ಹಾಕಿ!"

ಗದ್ದೆಯಿಂದ ಬರುತ್ತಿದ್ದ ಮಂಟೇಸ್ವಾಮಿ ಎಂಬಾತ, "ಅದ್ಯಾಕ್ ಸಾ ಒದ್ದಾಡೀರಿ? ಬಿಚ್ಚಿ, ಕೈಲೇ ತಳ್ಬುಡವ," ಎಂದು ನಾಲ್ಕು ಜನ ಸೇರಿಸಿದ. ಅರ್ಧ ಗಂಟೆ ಹಿಡಿಯಿತು.

ದಡ ಸೇರಿದ ಮೇಲೆ ಮಂಗಳಗೌರಿ ಪಿಕಪ್ಪಿನ ಕೋಣೆಯಲ್ಲಿ ಅಡುಗೆಗೆ ನಿಂತಳು. ನಂಜೇಶ ಟ್ರೇಲರನ್ನು ಮರದಡಿ ನಿಲ್ಲಿಸಿ, ಕೊಂಡಿ ಕಳಚಿ, "ಮೊಸರು ತರ್ತೀನಕ್ಕ," ಅಂತ ಬರೀ ಜೀಪಿನಲ್ಲಿ ಹೊರಟ. ಮನೆ ಇಲ್ಲೇ ಬಿಟ್ಟು ಹೋಗಬಹುದು ನೋಡಿ ಅನ್ನುವ ಹಾಗೆ ಭಾವನ ಕಡೆ ಒಂದು ನಗು ಬೇರೆ. ಅಮೃತೇಶನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಅವಳು ಸಾರು ಇಳಿಸಿ ಒಲೆ ಆರಿಸಿದ್ದಳಷ್ಟೆ, ಗಾಡಿ ಹೊರಟೇಬಿಟ್ಟಿತು. ಹೆಂಡತಿ ಹೊಳೆಯ ಹತ್ತಿರ ಇದ್ದಾಳೆ ಅಂದುಕೊಂಡು ಅವನು ಎಲೆ ಅಡಿಕೆ ತರಲು ನರಸೀಪುರಕ್ಕೆ ಹೊರಟಿದ್ದ.

"ರೀ! ನಿಲ್ಸಿ! ರೀ!" ಅವಳು ತಗಡು ಬಡಿದಳು. ಪಾತ್ರೆಗಳೂ ಜೊತೆಗೇ ಬಡಿದುಕೊಂಡವು. ಫೋನು ಮುಂದಿನ ಸೀಟಿನಲ್ಲಿ, ಬ್ಯಾಗಿನೊಳಗೆ. ಸಾರಿನ ಪಾತ್ರೆ ಮಗುಚಿತು. ಸಿಂಕ್ ಹಿಡಿದುಕೊಂಡು ನೆಲದಲ್ಲೇ ಕೂತಳು.

ಮಾರ್ಕೆಟ್ ಎದುರು ಗಾಡಿ ನಿಂತಾಗ ಬಾಗಿಲು ತೆರೆದು ಇಳಿದಳು. ಸೀರೆಯ ಅಂಚಿನಿಂದ ಸಾರು ತೊಟ್ಟಿಕ್ಕುತ್ತಿತ್ತು.

"ಅಯ್ಯೋ, ನೀನು ಒಳಗಿದ್ಯಾ?"

"ಮನೆ ಹೊತ್ಕೊಂಡು ಓಡೋ ಮುಂಚೆ ಒಳಗೆ ಯಾರಿದ್ದಾರೆ ಅಂತ ನೋಡೋಕ್ಕಾಗಲ್ವಾ ನಿಮಗೆ?"

"ತಪ್ಪಾಯ್ತು ಕಣೇ. ಪಾತ್ರೆ ಸದ್ದು ಅಂದ್ಕೊಂಡೆ." ಒಳಗೆ ಚೆಲ್ಲಿದ್ದ ಸಾರಿನ ಕಡೆ ಇಣುಕಿ ಕೇಳಿದ, "ಹಾಗಾದ್ರೆ ನಂಜೇಶಂದೇ ವಾಸಿ ಅಂತೀಯಾ?"

ಅವಳು ಬ್ಯಾಗು ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದು ನಂಜನಗೂಡಿನ ಬಸ್ಸು ಹತ್ತಿದಳು.

ಮರುದಿನ ಇಬ್ಬರೂ ನಗುನಗುತ್ತಾ ಮನೆಗೆ ಬಂದರು.

"ತೀರ್ಮಾನ ಆಯ್ತಕ್ಕ," ಅಂದ ನಂಜೇಶ. "ಭಾವನ ಪಿಕಪ್ಪಿಗೇ ನನ್ನ ಟ್ರೇಲರ್ ಕಟ್ಟಿಬಿಡ್ತೀವಿ. ಮುಂದಿನ ತಿಂಗಳು ಬಂಡೀಪುರದ ಕಡೆ. ನೀನು ಯಾವುದರಲ್ಲಿ ಬೇಕಾದ್ರೂ ಅಡುಗೆ ಮಾಡಬಹುದು."

"ನಾನು ಬರ್ತೀನಿ ಅಂತ ಯಾರು ಹೇಳಿದ್ರು?"

ಅದು ಅವರ ತಲೆಗೇ ಹೊಳೆದಿರಲಿಲ್ಲ.

ಕೊನೆಗೆ ಇಬ್ಬರೇ ಹೋದರು. ಮೂರು ದಿನ ಹೋಟೆಲಿನಲ್ಲೇ ಉಂಡು ಬಂದರಂತೆ. ಹೇಗಿತ್ತು ಅಂತ ಅವಳು ಕೇಳಲಿಲ್ಲ.