ದೊಡ್ಡ ಈಳಿಗೆಮಣೆ

ನಾನು ಒಂದು ಗರಗಸ. ಕೈಯಲ್ಲಿ ಹಿಡಿದು ಕೊಯ್ಯುವ ಗರಗಸವಲ್ಲ. ಕಬ್ಬಿಣದ ಮೇಜಿನ ಸೀಳಿನಿಂದ ಹಲ್ಲಿನ ಚಕ್ರವೊಂದು ಅರ್ಧ ತಲೆ ಎತ್ತಿ ತಿರುಗುತ್ತದಲ್ಲ, ಆ ಜಾತಿ. ಅಂಗಡಿಯ ಬಿಲ್ಲಿನಲ್ಲಿ ನನ್ನ ಹೆಸರು ಟೇಬಲ್ ಸಾ, ಬಡಗಿಗಳ ಬಾಯಲ್ಲಿ ಕಟಿಂಗ್ ಮಷಿನ್. ನಂಜನಗೂಡಿನ ಒಬ್ಬ ಹೆಂಗಸು ಮಾತ್ರ ನನಗೆ ಬೇರೊಂದು ಹೆಸರಿಟ್ಟಳು.

ಹುಟ್ಟಿದ್ದು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ. ಮರಳಿನ ಅಚ್ಚಿಗೆ ಕಾದ ಕಬ್ಬಿಣ ಸುರಿದು ನನ್ನ ಮೇಜನ್ನು ಎರಕ ಹೊಯ್ದರು. ಆರಿದ ಕೂಡಲೇ ಕೆಲಸಕ್ಕೆ ಹಚ್ಚುತ್ತಾರೆ ಎಂದುಕೊಂಡಿದ್ದೆ. ಅಲ್ಲಿನ ಮುದುಕ ಮೇಸ್ತ್ರಿ ಬಿಡಲಿಲ್ಲ. ಎರಕ ಹಣ್ಣಾಗಬೇಕು, ಈಗಲೇ ಉಜ್ಜಿ ಮಟ್ಟ ಮಾಡಿದರೆ ಮುಂದೆ ಸೊಟ್ಟಗಾಗುತ್ತದೆ ಎಂದು ನನ್ನನ್ನು ಹಿತ್ತಿಲಿನಲ್ಲಿ ಹಾಕಿಸಿದ. ಒಂದು ಮಳೆಗಾಲ, ಒಂದು ಚಳಿಗಾಲ, ಒಂದು ಬೇಸಿಗೆ ಅಲ್ಲೇ ಬಿದ್ದಿದ್ದೆ. ನನ್ನ ಜೊತೆ ಹುಟ್ಟಿದ ಪಂಪುಗಳು ಲಾರಿ ಹತ್ತಿ ಹೋಗುವುದನ್ನು ನೋಡುತ್ತ ತುಕ್ಕು ಹಿಡಿದೆ. ನನ್ನೊಳಗಿನ ಚಡಪಡಿಕೆ ಅಲ್ಲಿ ಶುರುವಾದದ್ದು. ಮೋಟಾರು ಆರಿಸಿದ ಮೇಲೂ ನನಗೆ ಸುಮ್ಮನಿರಲು ಬರುವುದಿಲ್ಲ.

ಮೊದಲ ಮನೆ ದಾವಣಗೆರೆಯ ಒಂದು ಮಂಚ–ಬೀರುಗಳ ಕಾರ್ಖಾನೆ. ಬೆಳಗಿನಿಂದ ಸಂಜೆಯವರೆಗೆ ಪ್ಲೈವುಡ್. ಬ್ಲೇಡಿನ ಮೇಲೆ ನನಗೊಂದು ಕವಚವಿತ್ತು. ಅದು ಅಡ್ಡ ಬರುತ್ತದೆಂದು ಬಂದ ವಾರವೇ ಬಿಚ್ಚಿ ಮೂಲೆಗೆ ಎಸೆದರು. ಎಂಟು ವರ್ಷ ಹಾಗೇ ನಡೆಯಿತು. ಮುಂದಿನದನ್ನು ಹೇಳದಿದ್ದರೆ ಈ ಕಥೆ ಸುಳ್ಳಾಗುತ್ತದೆ. ರೇವಣ್ಣ ಎಂಬ ಕೆಲಸಗಾರನ ಎಡ ಹೆಬ್ಬೆರಳಿನ ತುದಿಯನ್ನು ನಾನು ತೆಗೆದೆ. ಆ ಗಳಿಗೆಯಲ್ಲಿ ಅವನ ಮನಸ್ಸು ಎಲ್ಲಿತ್ತೋ, ಅವನಿಗೇ ಗೊತ್ತಿರಲಿಲ್ಲ. ನನ್ನ ಹಲ್ಲಿಗೆ ಮರವೂ ಒಂದೇ, ಬೆರಳೂ ಒಂದೇ. ನಿಲ್ಲಬೇಕೆಂದರೂ ನಿಲ್ಲಲು ನನಗೆ ಬರುವುದಿಲ್ಲ. ಆಮೇಲೆ ಅಲ್ಲಿ ಯಾರೂ ನನ್ನ ಹತ್ತಿರ ಬರಲಿಲ್ಲ. ಶಕುನ ಸರಿಯಿಲ್ಲ ಎಂದು ಯಜಮಾನರು ನನ್ನನ್ನು ಮಾರಿದರು. ಹೀಗೆ ಮೈಸೂರಿಗೆ, ಖಲೀಲ್ ಸಾಹೇಬರ ಹಳೇ ಯಂತ್ರಗಳ ಶೆಡ್ಡಿಗೆ ಬಂದೆ.

ಅಲ್ಲಿ ಹದಿನಾಲ್ಕು ತಿಂಗಳು. ಬಂದವರು ನನ್ನ ಸುತ್ತ ಒಂದು ಸುತ್ತು ಹಾಕಿ, ಪಕ್ಕದಲ್ಲಿದ್ದ ಹಸಿರು ಬಣ್ಣದ ಹೊಸ ಮಷಿನ್ನಿನ ಮುಂದೆ ನಿಲ್ಲುತ್ತಿದ್ದರು. ಅದು ಹಗುರ, ಥಳಥಳ, ಮಡಚುವ ಕಾಲು. ವರ್ಷ ತುಂಬಿದ ಮೇಲೆ ಒಡೆದು ಕಬ್ಬಿಣದ ಲೆಕ್ಕದಲ್ಲಿ ನನ್ನನ್ನು ತೂಗಿಬಿಡುವ ಮಾತು ಒಂದೆರಡು ಸಲ ಕಿವಿಗೆ ಬಿತ್ತು.

ಒಂದು ಸೋಮವಾರ ಗಂಡ ಹೆಂಡತಿ ಬಂದರು. ಗಂಡ ಮೌನಾಚಾರ್, ಬಡಗಿ. ಲಕ್ವ ಹೊಡೆದು ಬಲಗೈ ಪಕ್ಕಕ್ಕೆ ಜೋತುಬಿದ್ದಿತ್ತು. ಹೆಂಡತಿ ವನಜಾಕ್ಷಿ, ನಲವತ್ತೈದು ದಾಟಿದವಳು. ಈಳಿಗೆಮಣೆ, ಕೂರುವ ಮಣೆ, ಮದುವೆಮನೆಯ ಹಸೆಮಣೆ ಅವರ ಕೆಲಸ. ಇಪ್ಪತ್ತೆರಡು ವರ್ಷ ಅವರು ಕೊಯ್ದ ಹಲಗೆಯನ್ನು ಈಕೆ ಉಜ್ಜಿ ಪಾಲಿಶ್ ಹಾಕಿದ್ದಳು. ಕೈ ಹೋದ ಮೇಲೆ ಅವರು ಕೆಲಸ ಮುಚ್ಚಿ, ಮನೆಯ ಹಿಂದಿನ ಶೆಡ್ಡನ್ನು ಸಿಮೆಂಟ್ ಅಂಗಡಿಯವನಿಗೆ ಗೋದಾಮಿಗೆ ಕೊಡುವುದೆಂದು ನಿಶ್ಚಯಿಸಿದ್ದರು. ತಾನೇ ಕೊಯ್ದರೆ ಹೇಗೆ ಎಂದು ಈಕೆ ಕೇಳಿದ್ದಳು. ಅವರು ನಕ್ಕಿದ್ದರು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲವಂತೆ. ಅದಕ್ಕೇ ಅದು ಅವಳಿಗೆ ಅಷ್ಟು ನೋವು ಮಾಡಿತಂತೆ. ಕೊನೆಗೆ ಒಂದು ತಿಂಗಳ ಮಾತಾಯಿತು. ಮಷಿನ್ ತರುವುದು, ತಿಂಗಳಲ್ಲಿ ಅವಳ ಕೈ ಕುದುರದಿದ್ದರೆ ವಾಪಸ್ ಕೊಟ್ಟು ಶೆಡ್ಡಿನ ಬೀಗದ ಕೈಯನ್ನು ಸಿಮೆಂಟಿನವನಿಗೆ ಕೊಡುವುದು. ಖಲೀಲ್ ಸಾಹೇಬರೂ ಒಪ್ಪಿದರು. ಅವಳ ಕೈಲಿದ್ದದ್ದು ಚೀಟಿ ಎತ್ತಿದ ದುಡ್ಡು, ಅದರಾಚೆ ಏನೂ ಇರಲಿಲ್ಲ. ಆ ದುಡ್ಡಿಗೆ ಹಸಿರು ಮಷಿನ್ನೂ ಬರುತ್ತಿತ್ತು, ನಾನೂ ಬರುತ್ತಿದ್ದೆ.

ಮೌನಾಚಾರ್ ಎರಡು ಮೋಟಾರಿಗೂ ಕಿವಿ ಕೊಟ್ಟು, ಹಸಿರಿನದು ನುಣ್ಣಗಿದೆ, ಅದೇ ಇರಲಿ ಎಂದರು. ವನಜಾಕ್ಷಿ ಎರಡನ್ನೂ ಓಡುತ್ತಲೇ ಬಿಡಲು ಹೇಳಿದಳು. ಸಾಹೇಬರು ಕೊಟ್ಟ ಟೀ ಲೋಟವನ್ನು ಓಡುತ್ತಿದ್ದ ಹಸಿರು ಮಷಿನ್ನಿನ ಮೇಲಿಟ್ಟಳು. ಟೀ ತುಳುಕಿ ಲೋಟ ಅಂಚಿನ ಕಡೆಗೆ ನಡೆಯತೊಡಗಿತು. ಲೋಟವನ್ನು ತಂದು ನನ್ನ ಮೇಲಿಟ್ಟಳು. ಟೀಯ ಮೇಲೆ ಸಣ್ಣ ಉಂಗುರಗಳು ಎದ್ದವು, ಒಂದು ಹನಿಯೂ ಚೆಲ್ಲಲಿಲ್ಲ. ಮೌನಾಚಾರ್ ಮೋಟಾರು ಆರಿಸಿ, ಬ್ಲೇಡನ್ನು ಮೇಜಿನೊಳಕ್ಕೆ ಇಳಿಸಿ, ತಮ್ಮ ಉಕ್ಕಿನ ಅಳತೆಪಟ್ಟಿಯನ್ನು ನನ್ನ ಮೇಲೆ ಅಡ್ಡಡ್ಡ, ಮೂಲೆಯಿಂದ ಮೂಲೆಗೆ ನಿಲ್ಲಿಸಿ ಬಗ್ಗಿ ನೋಡಿದರು. ಪಟ್ಟಿಯಡಿ ಎಲ್ಲೂ ಬೆಳಕು ನುಸುಳಲಿಲ್ಲ. ಬೆಳಗಾವಿಯ ಮುದುಕನನ್ನು ಅವತ್ತು ಮೊದಲ ಸಲ ಮನಸಾರೆ ನೆನೆದೆ.

ಅವಳ ಪರೀಕ್ಷೆ ಮುಗಿದಿರಲಿಲ್ಲ. ತಂತಿ ಕೀಳಿಸಿ, ಬ್ಲೇಡನ್ನು ಮತ್ತೆ ಮೇಲೆತ್ತಿಸಿ, ತನ್ನ ಕೈಯಿಂದ ಒಂದು ರೋಲ್ಡ್‌ಗೋಲ್ಡ್ ಬಳೆ ತೆಗೆದಳು. ಮರ ಸೊಟ್ಟ ಹೋಗದಂತೆ ಬ್ಲೇಡಿನ ಪಕ್ಕ ಒಂದು ಗೈಡ್ ಪಟ್ಟಿ ಇರುತ್ತದೆ. ಬ್ಲೇಡಿನ ಮುಂತುದಿಯಲ್ಲಿ, ಬ್ಲೇಡಿಗೂ ಪಟ್ಟಿಗೂ ನಡುವೆ ಬಳೆಯನ್ನು ಮಲಗಿಸಿ, ಎರಡೂ ಕಡೆ ತಾಗುವಂತೆ ಪಟ್ಟಿಯನ್ನು ಸರಿಸಿದಳು. ಆಮೇಲೆ ಬಳೆಯನ್ನು ಬ್ಲೇಡಿನ ಹಿಂತುದಿಗೆ ತಳ್ಳಿದಳು. ಅದು ಅಲ್ಲಿ ಸಿಕ್ಕಿಕೊಂಡಿತು.

“ಹಿಂದೆ ಬಾಯಿ ಮುಚ್ಕೊಂಡಿದೆ,” ಎಂದಳು.

ಹೌದು, ಲಾರಿಯಿಂದ ಇಳಿಸುವಾಗ ಪೆಟ್ಟು ಬಿದ್ದು ಪಟ್ಟಿ ಬ್ಲೇಡಿನ ಕಡೆಗೆ ವಾಲಿತ್ತು. ಹಾಗಾದರೆ ಇದು ಬೇಡ ಎಂದರು ಗಂಡ. ಅದಕ್ಕೆ ಅವಳು, “ಪಟ್ಟಿ ಸರಿ ಮಾಡ್ಕೋಬೋದು ಕಣ್ರೀ, ಎರಡು ಬೋಲ್ಟಿನ ಕೆಲಸ. ಆ ಹಸಿರಿನ ನಡುಕ ಯಾರು ಸರಿ ಮಾಡ್ತಾರೆ?” ಎಂದಳು.

ಇಷ್ಟು ಭಾರದ್ದು ಇಷ್ಟು ಕಡಿಮೆಗೆ ಯಾಕೆ ಎಂದು ಅವಳು ಕೇಳಿದಾಗ ಸಾಹೇಬರು ರೇವಣ್ಣನ ಬೆರಳಿನ ಸಂಗತಿಯನ್ನು ಮುಚ್ಚಿಡದೆ ಹೇಳಿದರು. ಮೌನಾಚಾರ್ ಎರಡು ಹೆಜ್ಜೆ ಹಿಂದೆ ಸರಿದರು. ಅವಳು ತನ್ನ ಹೆಬ್ಬೆರಳಿನ ಹಳೇ ಗಾಯದ ಗೆರೆ ತೋರಿಸಿದಳು. ಒಂಬತ್ತನೇ ವಯಸ್ಸಿನಲ್ಲಿ ಅವ್ವನ ಈಳಿಗೆಮಣೆಯಲ್ಲಿ ಆದದ್ದು.

“ಅಲ್ಲೂ ಅಲಗು ನಿಂತಿರತ್ತೆ, ಕಾಯಿ ನಾವು ತಳ್ತೀವಿ. ಇಲ್ಲೂ ಅಷ್ಟೇ. ಇದೊಂದು ದೊಡ್ಡ ಈಳಿಗೆಮಣೆ.”

ನನಗೆ ಹೆಸರು ಬಿದ್ದದ್ದು ಹೀಗೆ. ಟೆಂಪೋದಲ್ಲಿ ನಂಜನಗೂಡಿಗೆ ಹೋಗುವಾಗ ದಾರಿಯುದ್ದಕ್ಕೂ ನನಗೆ ಭಯ. ಅವಳ ಬೆರಳುಗಳು ನನಗೆ ಇಷ್ಟವಾಗಿಬಿಟ್ಟಿದ್ದವು.

ಮೌನಾಚಾರ್ ಹೇಳಿದಂತೆ ಅವಳೇ ಬೋಲ್ಟು ಸಡಿಲಿಸಿ ಪಟ್ಟಿಯನ್ನು ನೆಟ್ಟಗೆ ಮಾಡಿದಳು. ಕಳೆದುಹೋದ ಕವಚದ ಬದಲು ಮರದ್ದೊಂದನ್ನು ಕೂಡಿಸಿದರು. ದಿನಾ ಬೆಳಿಗ್ಗೆ ಸೀರೆಯ ಮೇಲೆ ಗಂಡನ ಹಳೇ ಅಂಗಿ ತೊಟ್ಟು, ಸೆರಗನ್ನು ಅದರೊಳಗೆ ಸಿಕ್ಕಿಸಿ, ಎರಡು ಬಳೆಗಳನ್ನು ತೆಗೆದು ನನ್ನ ಗೈಡ್ ಪಟ್ಟಿಯ ಹಿಡಿಗೆ ನೇತುಹಾಕುತ್ತಿದ್ದಳು. ಕೆಲಸ ಮುಗಿಸಿ ಅಂಗಿ ಬಿಚ್ಚಿದ ಮೇಲೆ ಬಳೆ ಮತ್ತೆ ಕೈಗೆ. ಎದುರು ಮನೆಯ ದೊಡ್ಡತಾಯಮ್ಮ ಬಾಗಿಲಲ್ಲಿ ನಿಂತು, ಗಂಡ ಇರುವಾಗಲೇ ಬರಿಗೈ ಮಾಡಿಕೊಂಡು ನಿಲ್ಲುತ್ತೀಯಲ್ಲ ಎಂದು ಒಂದು ಮಾತು ಎಸೆದು ಹೋದಳು. ವನಜಾಕ್ಷಿ ಸ್ವಿಚ್ಚು ಹಾಕಿದಳು. ಅಂದು ಅವಳು ಹಲಗೆಯನ್ನು ಎಂದಿಗಿಂತ ಜೋರಾಗಿ ತಳ್ಳಿದ್ದು ನನ್ನ ಹಲ್ಲಿಗೆ ತಿಳಿಯಿತು.

ಹತ್ತು ದಿನ ಚೆನ್ನಾಗಿ ನಡೆಯಿತು. ಸಣ್ಣ ತುಂಡು, ಸಣ್ಣ ಮಣೆ. ಮೌನಾಚಾರ್ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಪ್ರತಿ ತುಂಡನ್ನೂ ಕೈಗೆ ತೆಗೆದುಕೊಂಡು ನೋಡಿ ಕೆಳಗಿಡುತ್ತಿದ್ದರು.

ಹನ್ನೊಂದನೆಯ ದಿನ ಅವಳು ಹಸೆಮಣೆಗೆಂದು ಉದ್ದನೆಯ ಹಲಸಿನ ಹಲಗೆ ಸೀಳುತ್ತಿದ್ದಳು. ಅರ್ಧ ಹೋದ ಮೇಲೆ, ಗೆರೆ ತಪ್ಪಿತೇನೋ ಎಂದು ನೋಡಲು ಹಲಗೆಯನ್ನು ತನ್ನ ಕಡೆಗೆ ಹಿಂದಕ್ಕೆಳೆದಳು. ನನ್ನ ಹಿಂದಿನ ಹಲ್ಲುಗಳು ಅದನ್ನು ಕಚ್ಚಿ ಎತ್ತಿ ಅವಳತ್ತ ಎಸೆದವು. ಹಲಗೆ ಪಕ್ಕೆಗೆ ಬಡಿದು ಅವಳು ಕುಸಿದು ಕೂತಳು. ಮೌನಾಚಾರ್ ಎಡಗೈಯಲ್ಲಿ ಸ್ವಿಚ್ಚು ಹುಡುಕಿ ಆರಿಸಿದರು.

ಮೂಳೆ ಮುರಿದಿರಲಿಲ್ಲ. ಮೂರು ದಿನ ಮಲಗಿದಳು. ಮೌನಾಚಾರ್ ನನ್ನ ಮೇಲೆ ಗೋಣಿಚೀಲ ಹೊದಿಸಿ ಹಗ್ಗ ಬಿಗಿದು, ಶುಕ್ರವಾರ ಬಂದು ತೆಗೆದುಕೊಂಡು ಹೋಗಿ ಎಂದು ಖಲೀಲ್ ಸಾಹೇಬರಿಗೆ ಫೋನು ಮಾಡಿದರು. ಸಿಮೆಂಟಿನವನು ಬಂದು ಹೆಜ್ಜೆ ಹಾಕಿ ಶೆಡ್ಡನ್ನು ಅಳೆದುಕೊಂಡು ಹೋದ. ಗೋಣಿಯೊಳಗೆ ನಾನು ಒಡೆಯುವ ಸುತ್ತಿಗೆಯನ್ನು ಯೋಚಿಸಲಿಲ್ಲ. ರೇವಣ್ಣ, ಈಗ ಇವಳು. ನನ್ನ ಹತ್ತಿರ ಬಂದವರಿಗೆಲ್ಲ ಹೀಗೇ ಏಕೆ ಎಂಬ ಒಂದೇ ಪ್ರಶ್ನೆ ನನ್ನನ್ನು ಕೊರೆಯುತ್ತಿತ್ತು.

ಗುರುವಾರ ಮಧ್ಯಾಹ್ನ ಅವಳು ಎದ್ದಳು. ಶೆಡ್ಡಿನ ಬಾಗಿಲಿಗೆ ನೇರವಾಗಿ ಅಡುಗೆಮನೆ. ಗೋಣಿಯ ಹರಕಿನಲ್ಲಿ ನನಗೆ ಕಾಣುತ್ತಿತ್ತು. ಅವಳು ಈಳಿಗೆಮಣೆಯ ಮೇಲೆ ಕಾಲೂರಿ ಸೌತೆಕಾಯಿ ಹೆಚ್ಚಲು ಕೂತಳು. ಕಾಯಿಯನ್ನು ಅಲಗಿಗೆ ಅರ್ಧ ತಳ್ಳಿ, ಹಿಂದಕ್ಕೆಳೆದು, ಒಳಗೆ ಹುಳುಕಿದೆಯೋ ಎಂದು ನೋಡಿ, ಮತ್ತೆ ತಳ್ಳಿದಳು. ಎರಡನೆಯದನ್ನೂ ಹಾಗೇ ಮಾಡಹೊರಟು ನಡುವೆ ನಿಂತಳು. ಕಾಯಿ ಕೆಳಗಿಟ್ಟು ಬರಿಗೈಯಲ್ಲಿ ತಳ್ಳಿ, ಎಳೆದಳು. ಮತ್ತೆ ತಳ್ಳಿ, ಎಳೆದಳು. ತನ್ನ ಕೈಗಳನ್ನೇ ಬೇರೆ ಯಾರದ್ದೋ ಎಂಬಂತೆ ನೋಡಿದಳು.

“ರೀ, ಇಲ್ಲಿ ಬನ್ನಿ,” ಎಂದು ಕರೆದಳು. “ಮಷಿನ್ನಿನ ತಪ್ಪಲ್ಲ. ಈಳಿಗೆಮಣೇಲಿ ಎಳ್ಕೊಂಡು ನೋಡ್ತೀವಿ. ಅಲ್ಲಿ ಅಲಗು ಸುಮ್ನಿರತ್ತೆ. ಇಲ್ಲಿ ಸುಮ್ನಿರಲ್ಲ. ತಳ್ಳಿದ ಮೇಲೆ ತಳ್ಳಿದ್ದೇ.”

ಅವರು ನಂಬಲಿಲ್ಲ ಎಂದೇನಿಲ್ಲ. ಟೆಂಪೋಗೆ ಹೇಳಿಯಾಗಿದೆ ಎಂದರು. ಅಂದು ಸಂಜೆಯವರೆಗೆ ಅವಳು ನನ್ನ ಗೋಣಿ ಬಿಚ್ಚಿ, ಬ್ಲೇಡನ್ನು ಮೇಜಿನೊಳಕ್ಕೆ ಇಳಿಸಿ, ಕರೆಂಟಿಲ್ಲದೆ ಹಲಗೆ ತಳ್ಳಿದಳು. ಒಂದೇ ಕಡೆಗೆ, ಮತ್ತೆ ಮತ್ತೆ. ಪಕ್ಕೆ ನೋಯುತ್ತಿದ್ದಾಗ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಮೂವತ್ತೈದು ವರ್ಷದ ಅಭ್ಯಾಸವನ್ನು ಒಂದು ಮಧ್ಯಾಹ್ನದಲ್ಲಿ ಬಿಡಿಸುವುದು ಅವಳಿಗೂ ಕಷ್ಟವಾಯಿತು, ನೋಡುವ ನನಗೂ.

ಶುಕ್ರವಾರ ಟೆಂಪೋ ಬಂತು. ಖಲೀಲ್ ಸಾಹೇಬರು ಹಗ್ಗ ಹಿಡಿದು ಇಳಿದರು. ಒಂದೇ ಒಂದು ಹಲಗೆ ಎಂದು ಕೇಳಿಕೊಂಡಳು ವನಜಾಕ್ಷಿ. ಅಂಗಿ ತೊಟ್ಟಳು. ಬಳೆಗಳನ್ನು ನನ್ನ ಹಿಡಿಗೆ ಸಿಕ್ಕಿಸಿದಳು. ಮೊನ್ನೆಯದೇ ಉದ್ದದ ಹಲಸಿನ ಹಲಗೆ. ಈ ಸಲ ಹಲಗೆಯ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಂತಳು. ಗಂಡನನ್ನು ನನ್ನ ಆಚೆ ತುದಿಗೆ ನಿಲ್ಲಲು ಹೇಳಿದಳು. ಅಷ್ಟು ವರ್ಷದಲ್ಲಿ ಅವರನ್ನು ಅವಳು ಎಲ್ಲಾದರೂ ನಿಲ್ಲಿಸಿದ್ದು ಅದೇ ಮೊದಲಿರಬೇಕು. ಆಗ ಹೇಳಿದ ಮಾತು ನನ್ನ ಕಬ್ಬಿಣದಲ್ಲಿ ಇವತ್ತಿಗೂ ಇದೆ.

“ಎಡಗೈ ಸಾಕು. ಎಳೀಬೇಡಿ. ಬಂದದ್ದನ್ನ ಹಿಡ್ಕೊಳ್ಳಿ, ಅಷ್ಟೆ.”

ಸ್ವಿಚ್ಚು ಹಾಕಿದಳು. ಹಲಗೆ ಬಂತು. ಅರ್ಧಕ್ಕೆ ಬಂದಾಗ ಅವಳ ಅಂಗೈ ತುಸು ಹಿಂದಕ್ಕೆ ಜಗ್ಗಿದ್ದು ನನಗೆ ಗೊತ್ತಾಯಿತು. ಆಚೆ ತುದಿಯಲ್ಲಿ ಮೌನಾಚಾರರ ಎಡಗೈಯ ಬೆರಳುಗಳೂ ಹಲಗೆಯನ್ನು ಎಳೆಯಲು ಬಿಗಿದವು. ಕೊಯ್ತ ನೆಟ್ಟಗಿಲ್ಲವೆಂದು ಕಂಡರೆ ತಾವೇ ಕೈ ಹಾಕುವುದು ಅವರ ಅಭ್ಯಾಸ. ಒಂದು ಗಳಿಗೆ ಎರಡು ಹಳೇ ಅಭ್ಯಾಸಗಳ ನಡುವೆ ನಾನು ತಿರುಗುತ್ತಿದ್ದೆ. ಆಮೇಲೆ ಅವರ ಬೆರಳು ಸಡಿಲವಾಗಿ ಅಂಗೈ ಮೇಲ್ಮುಖವಾಗಿ ನಿಂತಿತು. ಅವಳ ಕೈ ಮುಂದಕ್ಕೆ ಬಂತು. ಕೊನೆಯ ಗೇಣನ್ನು, ಬೆರಳು ಹಲ್ಲಿನ ಹತ್ತಿರ ಹೋಗದಂತೆ, ತಳ್ಳುಕೋಲಿನಿಂದ ದಾಟಿಸಿದಳು. ಹಲಗೆ ಎರಡಾಗಿ ಅವರ ಅಂಗೈಯ ಮೇಲೆ ಕೂತಿತು.

ಮೌನಾಚಾರ್ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಉಜ್ಜುವ ಕೆಲಸ ಹೆಚ್ಚಿಲ್ಲ ಎಂದರು. ಇಪ್ಪತ್ತೆರಡು ವರ್ಷ ಉಜ್ಜಿದವಳು ಆ ಮಾತಿಗೆ ಮುಖ ಆಚೆ ತಿರುಗಿಸಿಕೊಂಡಳು.

ಖಲೀಲ್ ಸಾಹೇಬರು ಹಗ್ಗ ಸುತ್ತಿಕೊಂಡರು. “ಟೆಂಪೋ ಬಾಡಿಗೆಗೆ ಒಂದು ಈಳಿಗೆಮಣೆ ಕೊಟ್ಬಿಡಿ ಅಮ್ಮ. ದೊಡ್ಡದಲ್ಲ, ಚಿಕ್ಕದು. ನಮ್ಮನೆಯವರು ಕೇಳ್ತಾನೇ ಇದಾರೆ,” ಎಂದರು.

ಅಲ್ಲಿಂದ ಹನ್ನೊಂದು ವರ್ಷ ನಾನು ಕೊಯ್ದೆ. ಎಷ್ಟು ಮದುವೆಗಳು ನನ್ನ ಹಲಗೆಯ ಮೇಲೆ ಕೂತವೋ ಗೊತ್ತಿಲ್ಲ. ಏಳು ವರ್ಷ ಆಚೆ ತುದಿಯಲ್ಲಿ ಆ ಎಡಗೈ ಇತ್ತು. ಆಮೇಲೆ ಇರಲಿಲ್ಲ. ಅವರು ಹೋದ ಮೇಲೆ ವನಜಾಕ್ಷಿ ಅಲ್ಲಿ, ಅವರ ಸೊಂಟದೆತ್ತರಕ್ಕೆ, ಉರುಳುವ ಕೊರಡು ಕೂಡಿಸಿದ ಒಂದು ಸ್ಟ್ಯಾಂಡು ನಿಲ್ಲಿಸಿದಳು. ಅದಕ್ಕೆ ಎಳೆಯಲು ಬಾರದು. ಹೇಳಿಕೊಡಬೇಕಾಗಲಿಲ್ಲ ಎಂಬುದೇ ಅವಳಿಗೆ ಬೇಸರವಾಯಿತೇನೋ.

ಈಗ ನನ್ನ ಮೋಟಾರು ಸುಟ್ಟಿದೆ. ಅಚ್ಚಿನ ಬೇರಿಂಗು ಸವೆದಿದೆ. ಮೊನ್ನೆ ಯುಗಾದಿಗೆ ಹೊಸ ಯಂತ್ರ ಬಂತು. ಅದನ್ನು ಕೊಳ್ಳಲು ಹೋದಾಗಲೂ ಅವಳು ಟೀ ಲೋಟ ಇಟ್ಟು, ಬಳೆ ತಳ್ಳಿ ನೋಡಿದಳಂತೆ. ನನ್ನನ್ನು ಗುಜರಿಗೆ ಕೊಡಲಿಲ್ಲ, ಗೋಡೆಗೆ ತಾಗಿಸಿ ನಿಲ್ಲಿಸಿದ್ದಾಳೆ. ಹೊಸ ಹಲಗೆ ಡೊಂಕಿದೆಯೋ ಎಂದು ನೋಡಲು ನನ್ನ ಮೇಲೇ ಮಲಗಿಸುತ್ತಾಳೆ. ಹಿತ್ತಿಲಿನಲ್ಲಿ ಸುಮ್ಮನೆ ಬಿದ್ದಿದ್ದ ಆ ಮೊದಲ ವರ್ಷವೊಂದೇ ಇವತ್ತು ನನ್ನಲ್ಲಿ ಕೆಡದೆ ಉಳಿದಿರುವುದು.

ಹೋದ ವಾರ ದೊಡ್ಡತಾಯಮ್ಮ ಮತ್ತೆ ಬಾಗಿಲಿಗೆ ಬಂದಳು. ಅವಳಿಗೂ ವಯಸ್ಸಾಗಿದೆ. ಗಂಡ ಹೋಗಿ ನಾಲ್ಕು ವರ್ಷವಾಯಿತು, ಇನ್ನೂ ಕೈಯಲ್ಲಿ ಬಳೆ ಯಾಕೆ ಎಂದಳು. ವನಜಾಕ್ಷಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಳು.

“ಬೆಳಿಗ್ಗೆ ತೆಗೆದಿಡಕ್ಕಾದ್ರೂ ಹಾಕ್ಕೋಬೇಕಲ್ಲ ದೊಡ್ಡತಾಯಮ್ಮ,” ಎಂದಳು.

ಬಳೆಗಳನ್ನು ತೆಗೆದು, ಹೊಸ ಯಂತ್ರಕ್ಕೂ ಒಂದು ಹಿಡಿ ಇದೆ, ಅದಕ್ಕಲ್ಲ, ನನ್ನದಕ್ಕೆ ನೇತುಹಾಕಿದಳು. ಆಮೇಲೆ ಸ್ವಿಚ್ಚು ಹಾಕಿದಳು. ಹೊಸದರ ಓಟ ನೆಲದೊಳಗಿಂದ ನನ್ನ ಕಾಲಿಗೆ ಬರುತ್ತದೆ, ಕಾಲಿನಿಂದ ಮೇಜಿಗೆ, ಮೇಜಿನಿಂದ ಹಿಡಿಗೆ. ಎರಡು ಬಳೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತವೆ. ಸುಮ್ಮನಿರಲು ನನಗೆ ಈಗಲೂ ಬಂದಿಲ್ಲ.